ಗೋಳ, ದಾರ, ಟಾರ್ಚು: ಗೋಡೆಯ ಭೂಪಟದಲ್ಲಿ ಕಾಣದ ಭೂಗೋಳ

ಗೋಡೆಗೆ ತೂಗುಹಾಕುವ ಪ್ರಪಂಚದ ಭೂಪಟದಲ್ಲಿ ಗ್ರೀನ್‌ಲ್ಯಾಂಡ್ ಎಲ್ಲಿದೆ ಎಂದು ಹುಡುಕಿ. ಬಹಳಷ್ಟು ಭೂಪಟಗಳಲ್ಲಿ ಅದು ಹೆಚ್ಚುಕಡಿಮೆ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ಈಗ ಅಂಕಿ ನೋಡಿ. ಗ್ರೀನ್‌ಲ್ಯಾಂಡಿನ ವಿಸ್ತೀರ್ಣ ಸುಮಾರು 21.7 ಲಕ್ಷ ಚದರ ಕಿ.ಮೀ., ಆಫ್ರಿಕಾದ್ದು 3 ಕೋಟಿ ಚದರ ಕಿ.ಮೀ.ಗೂ ಮಿಕ್ಕಿ. ಒಂದು ಆಫ್ರಿಕಾದೊಳಗೆ ಸುಮಾರು ಹದಿನಾಲ್ಕು ಗ್ರೀನ್‌ಲ್ಯಾಂಡ್ ಹಿಡಿಸುತ್ತವೆ!

ಭೂಪಟ ಬರೆದವರು ಅಳತೆ ತಪ್ಪಿದ್ದಲ್ಲ. ದುಂಡಗಿರುವ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವಾಗ ಯಾವುದಾದರೊಂದನ್ನು ಬಿಟ್ಟುಕೊಡಲೇಬೇಕು. ಭೂಗೋಳದಲ್ಲಿ ಮಕ್ಕಳು ಕಣ್ಣರಳಿಸಿ ಕೇಳುವ ಸಂಗತಿಗಳಲ್ಲಿ ಬಹುಪಾಲು ಹುಟ್ಟುವುದು ಮೂರು ಕಾರಣಗಳಿಂದ: ಭೂಮಿ ದುಂಡಗಿದೆ, ತಿರುಗುತ್ತಿದೆ, ಓರೆಯಾಗಿ ನಿಂತಿದೆ. ಈ ಮೂರನ್ನು ಕೈಯಿಂದ ಮುಟ್ಟಿ ನೋಡಿದ ಮಗುವಿಗೆ ಬಾಯಿಪಾಠದ ಅಗತ್ಯವೇ ಬೀಳುವುದಿಲ್ಲ.

ಬೇಕಾಗುವ ಸಾಮಾನು ಕಡಿಮೆ. 30 ಸೆಂ.ಮೀ. ವ್ಯಾಸದ ಒಂದು ಗೋಳ, ಎಳೆದರೆ ಹಿಗ್ಗದ ಹೊಲಿಗೆ ದಾರ, ಒಂದು ಬಟರ್ ಪೇಪರ್, ಸ್ಕೇಲು, ಟಾರ್ಚು. ಗೋಳ ಬೇರೆ ಅಳತೆಯದಾದರೂ ತೊಂದರೆಯಿಲ್ಲ. ಅದರ ನಡುವಿನ ಸುತ್ತಳತೆಯನ್ನು ದಾರದಿಂದ ಅಳೆದು, 40,000ವನ್ನು ಆ ಸೆಂಟಿಮೀಟರುಗಳಿಂದ ಭಾಗಿಸಿ. ಬರುವ ಉತ್ತರವೇ ನಿಮ್ಮ ಗೋಳದ ಮೇಲೆ ಒಂದು ಸೆಂ.ಮೀ. ಎಂದರೆ ಎಷ್ಟು ಕಿಲೋಮೀಟರ್ ಎಂಬ ಲೆಕ್ಕ. 30 ಸೆಂ.ಮೀ. ಗೋಳದ ಸುತ್ತಳತೆ ಸುಮಾರು 94 ಸೆಂ.ಮೀ., ಹಾಗಾಗಿ ಒಂದು ಸೆಂ.ಮೀ.ಗೆ ಸುಮಾರು 425 ಕಿ.ಮೀ. ಈ 425 ಎಂಬ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಗೋಳದ ಕಾಲಿಗೆ ಅಂಟಿಸಿಡಿ, ಮುಂದೆ ಪದೇ ಪದೇ ಬೇಕಾಗುತ್ತದೆ.

ಈಗ ಬಟರ್ ಪೇಪರನ್ನು ಗೋಳದ ಮೇಲಿನ ಗ್ರೀನ್‌ಲ್ಯಾಂಡಿಗೆ ಒತ್ತಿ ಹಿಡಿದು ಅದರ ಅಂಚನ್ನು ಪೆನ್ಸಿಲ್ಲಿನಿಂದ ಬರೆದುಕೊಳ್ಳಿ. ಉದ್ದ ಆರು ಸೆಂ.ಮೀ. ಚಿಲ್ಲರೆ ಬರುತ್ತದೆ. ಅದೇ ಕಾಗದವನ್ನು ಜಾರಿಸಿ ಆಫ್ರಿಕಾದ ಮೇಲಿಡಿ. ಆಫ್ರಿಕಾದ ತುದಿಯಿಂದ ತುದಿಗೆ ಸುಮಾರು 19 ಸೆಂ.ಮೀ. ಇದೆ, ಗ್ರೀನ್‌ಲ್ಯಾಂಡ್ ಅದರ ಒಂದು ಮೂಲೆಯಲ್ಲಿ ಅಡಗಿ ಕೂರುತ್ತದೆ. ಕಾಗದ ಸುಕ್ಕಾದರೆ ಅಳತೆ ಕೆಡುತ್ತದೆ, ಆದ್ದರಿಂದ ದೊಡ್ಡ ಹಾಳೆಯ ಬದಲು ಅಂಗೈಯಷ್ಟು ತುಂಡು ಸಾಕು. ಇದೇ ರೀತಿ ಅಲಾಸ್ಕವನ್ನು ಬ್ರೆಜಿಲ್ ಮೇಲಿಟ್ಟು ನೋಡಿ. ಗೋಡೆಯ ಭೂಪಟದಲ್ಲಿ ಜೋಡಿಯಂತೆ ಕಾಣುವ ಇವೆರಡರಲ್ಲಿ ಬ್ರೆಜಿಲ್ ಸುಮಾರು ಐದು ಪಟ್ಟು ದೊಡ್ಡದು.

ಕಿತ್ತಳೆ ಸಿಪ್ಪೆಯ ಪಾಠ

ಒಂದು ಕಿತ್ತಳೆ ಹಣ್ಣಿನ ಮೇಲೆ ಪೆನ್ನಿನಿಂದ ಭೂಖಂಡಗಳನ್ನು ಬಿಡಿಸಿ, ಸಿಪ್ಪೆಯನ್ನು ಆದಷ್ಟು ಒಂದೇ ತುಂಡಾಗಿ ಸುಲಿದು ಮೇಜಿನ ಮೇಲೆ ಅಂಗೈಯಿಂದ ಒತ್ತಿ. ಅಂಚುಗಳು ಹರಿಯುತ್ತವೆ. ಹರಿಯಬಾರದು ಎಂದರೆ ಸಿಪ್ಪೆಯನ್ನು ಎಳೆದು ಹಿಗ್ಗಿಸಬೇಕು. ಮೂರನೇ ದಾರಿ ಇಲ್ಲ. ಹಿಗ್ಗಿಸದೆ, ಹರಿಯದೆ ಗೋಳವನ್ನು ಚಪ್ಪಟೆ ಮಾಡಲು ಸಾಧ್ಯವೇ ಇಲ್ಲ ಎಂದು ಜರ್ಮನ್ ಗಣಿತಜ್ಞ ಗಾಸ್ 1827ರಲ್ಲಿ ಸಾಧಿಸಿ ತೋರಿಸಿದರು. ಆದ್ದರಿಂದ ಪೂರ್ತಿ ಸರಿಯಾದ ಪ್ರಪಂಚದ ಭೂಪಟ ಹಿಂದೆ ಇರಲಿಲ್ಲ, ಮುಂದೆ ಬರುವುದೂ ಇಲ್ಲ.

ಭೂಪಟ ತಯಾರಕ ಗೆರಾರ್ಡಸ್ ಮರ್ಕೇಟರ್ 1569ರಲ್ಲಿ ಆರಿಸಿಕೊಂಡದ್ದು ಹಿಗ್ಗಿಸುವ ದಾರಿಯನ್ನು. ಗೋಳದ ಮೇಲೆ ರೇಖಾಂಶಗಳು ಧ್ರುವದ ಕಡೆ ಹೋದಂತೆ ಹತ್ತಿರವಾಗುತ್ತಾ ಕೊನೆಗೆ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಮರ್ಕೇಟರ್ ಭೂಪಟದಲ್ಲಿ ಅವು ಕಿಟಕಿಯ ಸರಳುಗಳಂತೆ ಕೊನೆಯವರೆಗೂ ಅಷ್ಟೇ ಅಂತರದಲ್ಲಿ ನಿಲ್ಲುತ್ತವೆ. 60 ಡಿಗ್ರಿ ಅಕ್ಷಾಂಶವನ್ನೇ ತೆಗೆದುಕೊಳ್ಳಿ. ಅಲ್ಲಿ ಭೂಮಿಯನ್ನು ಅಡ್ಡಲಾಗಿ ಒಂದು ಸುತ್ತು ಹಾಕಿದರೆ ಸುಮಾರು 20,000 ಕಿ.ಮೀ., ಸಮಭಾಜಕ ವೃತ್ತದ ಅರ್ಧ. ಭೂಪಟದಲ್ಲಿ ಮಾತ್ರ ಎರಡೂ ಗೆರೆಗಳ ಉದ್ದ ಒಂದೇ. ಅಂದರೆ ಅಲ್ಲಿನ ನೆಲ ಅಡ್ಡಕ್ಕೆ ಎರಡು ಪಟ್ಟು ಹಿಗ್ಗಿದೆ. ಅಡ್ಡಕ್ಕೆ ಮಾತ್ರ ಹಿಗ್ಗಿಸಿದರೆ ದ್ವೀಪಗಳೆಲ್ಲ ತುಳಿದ ರೊಟ್ಟಿಯಂತಾಗುತ್ತವೆ, ಆಕಾರ ಉಳಿಯಲೆಂದು ಉದ್ದಕ್ಕೂ ಎರಡು ಪಟ್ಟು ಎಳೆಯಬೇಕಾಯಿತು. ಎರಡೆರಡಲ ನಾಲ್ಕು: ವಿಸ್ತೀರ್ಣ ನಾಲ್ಕು ಪಟ್ಟು. 80 ಡಿಗ್ರಿಯಲ್ಲಿ ಇದು ಸುಮಾರು 33 ಪಟ್ಟು. ಧ್ರುವವನ್ನು ಬರೆಯಲು ಮುಗಿಯದಷ್ಟು ಎತ್ತರದ ಹಾಳೆ ಬೇಕು, ಅದಕ್ಕೇ ಈ ಭೂಪಟಗಳಲ್ಲಿ ಧ್ರುವವೇ ಇರುವುದಿಲ್ಲ. ಅಂಟಾರ್ಕ್ಟಿಕಾ ಕೆಳಗೆ ಬಿಳಿ ಪಟ್ಟಿಯಾಗಿ ಚಾಚಿಕೊಂಡಿರುತ್ತದೆ.

ಇಷ್ಟೆಲ್ಲ ಕೆಡಿಸಿಕೊಂಡದ್ದು ಏಕೆಂದರೆ ನಾವಿಕರಿಗಾಗಿ. ದಿಕ್ಸೂಚಿಯ ಮುಳ್ಳನ್ನು ಒಂದೇ ಕೋನದಲ್ಲಿ ಹಿಡಿದು ಸಾಗುವ ಹಡಗಿನ ದಾರಿ ಈ ಭೂಪಟದಲ್ಲಿ ನೇರ ಗೆರೆಯಾಗಿ ಬರುತ್ತದೆ. ಸ್ಕೇಲಿಟ್ಟು ಗೆರೆ ಎಳೆದು ಕೋನ ಓದಿಕೊಂಡರೆ ಹಡಗು ನಡೆಸಬಹುದು. ಇಂದಿಗೂ ಫೋನಿನಲ್ಲಿ ದಾರಿ ತೋರಿಸುವ ಬಹಳಷ್ಟು ಭೂಪಟಗಳು ಇದೇ ಮಾದರಿಯವು, ಏಕೆಂದರೆ ಬೀದಿಗಳ ಮೂಲೆ, ತಿರುವುಗಳ ಕೋನ ಇದರಲ್ಲಿ ಕೆಡುವುದಿಲ್ಲ. ಮರ್ಕೇಟರ್ ಭೂಪಟವನ್ನು ಸುಳ್ಳುಗಾರ ಎಂದು ಮಕ್ಕಳಿಗೆ ಹೇಳುವುದು ನ್ಯಾಯವಲ್ಲ. ದಿಕ್ಕು ಕೇಳಿದರೆ ಅದು ಸರಿಯಾಗಿ ಹೇಳುತ್ತದೆ, ದೇಶದ ಗಾತ್ರವನ್ನು ಮಾತ್ರ ಅದರ ಹತ್ತಿರ ಕೇಳಬಾರದು.

ದಾರ ತೋರಿಸುವ ದಾರಿ

ಟೋಕಿಯೋದಿಂದ ನ್ಯೂಯಾರ್ಕಿಗೆ ವಿಮಾನ ಹೇಗೆ ಹೋಗಬೇಕು? ಭೂಪಟ ನೋಡಿದವರು ಪೆಸಿಫಿಕ್ ಸಾಗರದ ಮೇಲೆ ನೇರವಾಗಿ ಪೂರ್ವಕ್ಕೆ ಬೆರಳು ಎಳೆಯುತ್ತಾರೆ. ಎರಡೂ ನಗರಗಳು 35ರಿಂದ 41 ಡಿಗ್ರಿ ಉತ್ತರದೊಳಗೇ ಇವೆ, ಹಾಗಾಗಿ ಅದೇ ಸರಿ ಅನ್ನಿಸುತ್ತದೆ.

ಗೋಳದ ಮೇಲೆ ಟೋಕಿಯೋಗೆ ದಾರದ ಒಂದು ತುದಿ, ನ್ಯೂಯಾರ್ಕಿಗೆ ಇನ್ನೊಂದು ತುದಿ ಒತ್ತಿ, ದಾರವನ್ನು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಉತ್ತರಕ್ಕೆ ಜಾರಿ ಅಲಾಸ್ಕದ ಮೇಲೆ ಹೋಗಿ ನಿಲ್ಲುತ್ತದೆ. ಉದ್ದ ಸುಮಾರು 25.5 ಸೆಂ.ಮೀ., ಅಂದರೆ 10,800 ಕಿ.ಮೀ. ಆಸುಪಾಸು. ಈಗ ಅದೇ ದಾರವನ್ನು ಬೆರಳುಗಳಿಂದ ಅಲ್ಲಲ್ಲಿ ಒತ್ತಿ ಹಿಡಿದು 38ನೇ ಅಕ್ಷಾಂಶದ ಗುಂಟ ಕೂರಿಸಿ ಅಳೆಯಿರಿ. 30 ಸೆಂ.ಮೀ. ಬರುತ್ತದೆ. ವ್ಯತ್ಯಾಸ ಸುಮಾರು 2,000 ಕಿ.ಮೀ.! ಗಾಳಿ ಮತ್ತು ನಿಷಿದ್ಧ ವಾಯುಪ್ರದೇಶಗಳಿಂದಾಗಿ ವಿಮಾನಗಳು ನಿಖರವಾಗಿ ಈ ದಾರದ ಮೇಲೆಯೇ ಹಾರುವುದಿಲ್ಲ, ಆದರೂ ಲೆಕ್ಕ ಶುರುವಾಗುವುದು ಈ ದಾರದಿಂದಲೇ.

ಇಲ್ಲಿ ಎರಡು ತಪ್ಪುಗಳು ಆಗುತ್ತವೆ. ಉಲ್ಲನ್ ದಾರ ಅಥವಾ ಎಲಾಸ್ಟಿಕ್ ಬಳಸಿದರೆ ಅದು ಹಿಗ್ಗಿ ಅಳತೆ ಸುಳ್ಳಾಗುತ್ತದೆ. ಇನ್ನು, ಗುಡ್ಡಗಳನ್ನು ಉಬ್ಬಿಸಿ ಮಾಡಿದ ಗೋಳವಾದರೆ ದಾರ ಜಾರದೆ ಅಲ್ಲಲ್ಲೇ ಸಿಕ್ಕಿಕೊಳ್ಳುತ್ತದೆ. ನುಣುಪಾದ ಗೋಳವೇ ಈ ಆಟಕ್ಕೆ ಸರಿ.

ದಾರವನ್ನು ಉತ್ತರದಿಂದ ದಕ್ಷಿಣಕ್ಕೆ, ಧ್ರುವದಿಂದ ಧ್ರುವಕ್ಕೆ ಇಳಿಬಿಟ್ಟರೆ ಇನ್ನೊಂದು ಸೊಗಸು ಕಾಣುತ್ತದೆ. ನ್ಯೂಯಾರ್ಕಿನ ಮೇಲೆ ಹಾಯುವಂತೆ ದಾರ ಹಿಡಿದು ಕೆಳಗೆ ನೋಡಿ. ದಕ್ಷಿಣ ಅಮೆರಿಕ ಬಹುತೇಕ ಪೂರ್ತಿಯಾಗಿ ದಾರದ ಪೂರ್ವಕ್ಕಿದೆ. ಆ ಭೂಖಂಡದ ಪಶ್ಚಿಮ ಅಂಚಿನ ದೇಶವಾದ ಚಿಲಿಯ ರಾಜಧಾನಿ ಸ್ಯಾಂಟಿಯಾಗೊ ಕೂಡ, ಅಮೆರಿಕದ ಪೂರ್ವ ಕರಾವಳಿಯ ನ್ಯೂಯಾರ್ಕಿಗಿಂತ ಪೂರ್ವಕ್ಕೆ! ದಕ್ಷಿಣ ಅಮೆರಿಕ ಎಂದರೆ ಉತ್ತರ ಅಮೆರಿಕದ ನೇರ ಕೆಳಗೆ ಎಂದು ಮನಸ್ಸು ಮಾಡಿಕೊಂಡ ಚಿತ್ರವೇ ಈ ಅಚ್ಚರಿಗೆ ಕಾರಣ.

ಪನಾಮಾ ಕಾಲುವೆಯ ಕಥೆಯೂ ಹೀಗೆಯೇ. 1914ರಲ್ಲಿ ತೆರೆದ, ಸುಮಾರು 80 ಕಿ.ಮೀ. ಉದ್ದದ ಈ ಕಾಲುವೆ ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸಾಗರಗಳನ್ನು ಕೂಡಿಸುತ್ತದೆ. ಅಟ್ಲಾಂಟಿಕ್ ಪೂರ್ವಕ್ಕಿದೆ, ಪೆಸಿಫಿಕ್ ಪಶ್ಚಿಮಕ್ಕಿದೆ, ಹಾಗಾದರೆ ಅಟ್ಲಾಂಟಿಕ್ಕಿನಿಂದ ಬರುವ ಹಡಗು ಕಾಲುವೆಯಲ್ಲಿ ಪಶ್ಚಿಮಕ್ಕೆ ಸಾಗಬೇಕಲ್ಲವೇ? ಸಾಗುವುದು ಆಗ್ನೇಯಕ್ಕೆ. ಪನಾಮಾದ ನೆಲ ಅಡ್ಡಲಾಗಿ ಮಲಗಿಸಿದ ಹಾವಿನಂತೆ ಪೂರ್ವ-ಪಶ್ಚಿಮವಾಗಿ ಬಳುಕಿದೆ, ಒಂದು ಸಾಗರ ಅದರ ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ. ಕಾಲುವೆಯ ಪೆಸಿಫಿಕ್ ಬಾಯಿ ಅಟ್ಲಾಂಟಿಕ್ ಬಾಯಿಗಿಂತ ಪೂರ್ವದಲ್ಲಿದೆ. ಗೋಳದ ಮೇಲೆ ಆ ಜಾಗಕ್ಕೆ ಭೂತಗನ್ನಡಿ ಹಿಡಿದರೆ ಈ ಬಳುಕು ಚೆನ್ನಾಗಿ ಕಾಣುತ್ತದೆ.

ನಮ್ಮ ಕಾಲಡಿಯಿಂದ ಭೂಮಿಯನ್ನು ನೇರ ಕೊರೆದರೆ ಎಲ್ಲಿ ಹೊರಬರುತ್ತೇವೆ ಎಂಬುದು ಮಕ್ಕಳ ಮೆಚ್ಚಿನ ಪ್ರಶ್ನೆ. ಲೆಕ್ಕ ಸುಲಭ. ಅಕ್ಷಾಂಶದ ಸಂಖ್ಯೆ ಹಾಗೇ ಇರಲಿ, ಉತ್ತರವನ್ನು ದಕ್ಷಿಣ ಮಾಡಿ. ರೇಖಾಂಶವನ್ನು 180ರಿಂದ ಕಳೆದು, ಪೂರ್ವವನ್ನು ಪಶ್ಚಿಮ ಮಾಡಿ. ಸ್ಪೇನಿನ ಮ್ಯಾಡ್ರಿಡ್ ಇರುವುದು 40.4 ಡಿಗ್ರಿ ಉತ್ತರ, 3.7 ಡಿಗ್ರಿ ಪಶ್ಚಿಮದಲ್ಲಿ. ಎದುರು ಬಿಂದು 40.4 ದಕ್ಷಿಣ, 176.3 ಪೂರ್ವ, ಅದು ನ್ಯೂಜಿಲೆಂಡಿನ ಉತ್ತರ ದ್ವೀಪ. ರೇಖಾಂಶವನ್ನು 180ರಿಂದ ಕಳೆಯಲು ಮರೆತು ಬರೀ ದಿಕ್ಕು ಬದಲಿಸುವುದೇ ಇಲ್ಲಿ ಹೆಚ್ಚಾಗಿ ಆಗುವ ತಪ್ಪು. ಭೂಮಿಯ ಮೇಲ್ಮೈಯಲ್ಲಿ ನೂರಕ್ಕೆ ಸುಮಾರು 71 ಪಾಲು ಸಾಗರವಾದ್ದರಿಂದ ಹೆಚ್ಚಿನ ಊರುಗಳ ಎದುರು ಬಿಂದು ನೀರಿನಲ್ಲೇ ಇರುತ್ತದೆ. ಮ್ಯಾಡ್ರಿಡ್‌ಗೆ ನೆಲ ಸಿಕ್ಕಿದ್ದು ಅದೃಷ್ಟವೇ.

ಎಲ್ಲಕ್ಕಿಂತ ಎತ್ತರದ ಬೆಟ್ಟ ಯಾವುದು?

ಎಲ್ಲಿಂದ ಅಳೆಯುತ್ತೀರಿ ಎಂದು ಮೊದಲು ಕೇಳಬೇಕು. ಸಮುದ್ರ ಮಟ್ಟದಿಂದ ಅಳೆದರೆ ಎವರೆಸ್ಟ್, 8,848.86 ಮೀಟರ್. ಬುಡದಿಂದ ತುದಿಗೆ ಅಳೆದರೆ ಹವಾಯಿಯ ಮೌನಾ ಕೀ. ನೀರಿನ ಮೇಲೆ ಕಾಣುವುದು 4,207 ಮೀಟರ್ ಮಾತ್ರ, ಆದರೆ ಅದರ ಬುಡ ಸಾಗರದ ತಳದಲ್ಲಿದೆ, ಅಲ್ಲಿಂದ ಲೆಕ್ಕ ಹಾಕಿದರೆ 9,000 ಮೀಟರ್ ದಾಟುತ್ತದೆ. ಭೂಮಿಯ ನಡುಬಿಂದುವಿನಿಂದ ಅತಿ ದೂರ ಇರುವ ತುದಿ ಮಾತ್ರ ಎರಡೂ ಅಲ್ಲ. ಅದು ಈಕ್ವೆಡಾರ್ ದೇಶದ ಚಿಂಬೊರಾಸೊ. ಸಮುದ್ರ ಮಟ್ಟದಿಂದ 6,263 ಮೀಟರ್ ಇರುವ ಈ ಬೆಟ್ಟದ ನೆತ್ತಿ, ಭೂಮಿಯ ನಡುವಿನಿಂದ ನೋಡಿದರೆ ಎವರೆಸ್ಟಿನ ನೆತ್ತಿಗಿಂತ ಸುಮಾರು 2 ಕಿ.ಮೀ. ಹೊರಗಿದೆ.

ಕಾರಣ ಭೂಮಿಯ ಸೊಂಟ. ಭೂಮಿ ಪೂರ್ತಿ ದುಂಡಗಿಲ್ಲ. ಸಮಭಾಜಕ ವೃತ್ತದ ಬಳಿ ಅದರ ವ್ಯಾಸ 12,756 ಕಿ.ಮೀ., ಧ್ರುವದಿಂದ ಧ್ರುವಕ್ಕೆ 12,714 ಕಿ.ಮೀ. ನಡುವಿನಲ್ಲಿ ಉಬ್ಬು ಬರಲು ತಿರುಗುವಿಕೆಯೇ ಕಾರಣ. ಚಿಂಬೊರಾಸೊ ಸಮಭಾಜಕ ವೃತ್ತದಿಂದ ಒಂದೂವರೆ ಡಿಗ್ರಿ ದೂರದಲ್ಲಿ ಆ ಉಬ್ಬಿನ ಮೇಲೆಯೇ ನಿಂತಿದೆ, ಎವರೆಸ್ಟ್ ಇರುವುದು 28 ಡಿಗ್ರಿ ಉತ್ತರದಲ್ಲಿ.

ತಿರುಗಿದರೆ ಉಬ್ಬುವುದು ಹೇಗೆ ಎಂದು ಕಾಗದದಲ್ಲಿ ಮಾಡಿ ನೋಡಬಹುದು. 40 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಎರಡು ಪಟ್ಟಿ ಕತ್ತರಿಸಿ. ಕೂಡಿಸುವ ಗುರುತಿನಂತೆ ನಡುವಿಗೆ ನಡು ಅಂಟಿಸಿ, ನಾಲ್ಕು ತುದಿಗಳನ್ನೂ ಮೇಲೆ ತಂದು ಸೇರಿಸಿ ಅಂಟಿಸಿದರೆ ಬುಟ್ಟಿಯಂಥ ಗೋಳವಾಗುತ್ತದೆ. ಮೇಲೆ ಮತ್ತು ಕೆಳಗೆ ಪೆನ್ಸಿಲ್ ತೂರುವಷ್ಟು ತೂತು ಮಾಡಿ ಪೆನ್ಸಿಲ್ ಇಳಿಸಿ. ಕೆಳಗಿನ ತೂತನ್ನು ಟೇಪಿನಿಂದ ಪೆನ್ಸಿಲ್ಲಿಗೆ ಬಿಗಿಯಿರಿ, ಮೇಲಿನದು ಸಡಿಲವಾಗಿಯೇ ಇರಲಿ. ಪೆನ್ಸಿಲನ್ನು ಎರಡು ಅಂಗೈಗಳ ನಡುವೆ ಮಜ್ಜಿಗೆ ಕಡೆಯುವಂತೆ ಜೋರಾಗಿ ಉಜ್ಜಿದರೆ ಗೋಳ ಮೇಲಿನಿಂದ ಕುಗ್ಗಿ ಸೊಂಟ ಅಗಲವಾಗುತ್ತದೆ. ಉಬ್ಬದಿದ್ದರೆ ಎರಡರಲ್ಲಿ ಒಂದು ತಪ್ಪಾಗಿದೆ: ಮೇಲಿನ ತೂತೂ ಅಂಟಿಕೊಂಡಿದೆ, ಇಲ್ಲವೇ ಕಾಗದ ರಟ್ಟಿನಷ್ಟು ದಪ್ಪವಾಗಿದೆ.

ಇಷ್ಟು ಹೇಳಿದ ಮೇಲೆ ಅಳತೆಯ ಅರಿವೂ ಇರಬೇಕು. ನಮ್ಮ 30 ಸೆಂ.ಮೀ. ಗೋಳದಲ್ಲಿ ಈ ಸೊಂಟದ ಉಬ್ಬು ಬರೀ ಒಂದು ಮಿ.ಮೀ. ಎವರೆಸ್ಟಿನ ಎತ್ತರ 0.2 ಮಿ.ಮೀ., ಎರಡು ಹಾಳೆ ಕಾಗದದಷ್ಟು ದಪ್ಪ. ಸಾಗರದ ಅತಿ ಆಳದ ಜಾಗವಾದ ಮರಿಯಾನಾ ಕಂದಕ ಸುಮಾರು 10,900 ಮೀಟರ್ ಆಳವಿದೆ, ಗೋಳದ ಮೇಲೆ ಅದು ಕಾಲು ಮಿ.ಮೀ. ಗೀಚು. ಗುಡ್ಡಗಳನ್ನು ಕೈಗೆ ಸಿಗುವಂತೆ ಉಬ್ಬಿಸಿದ ಗೋಳಗಳಲ್ಲಿ ಎತ್ತರವನ್ನು ಹತ್ತಾರು ಪಟ್ಟು ಹಿಗ್ಗಿಸಿರುತ್ತಾರೆ.

ಟಾರ್ಚು ಹಿಡಿದರೆ

ಕೋಣೆ ಕತ್ತಲು ಮಾಡಿ. ಒಂದು ಮೀಟರ್ ದೂರದಲ್ಲಿ ಪುಸ್ತಕಗಳ ಮೇಲೆ ಟಾರ್ಚು ಇಟ್ಟು, ಬೆಳಕು ಗೋಳದ ನಡುವಿಗೆ ಸಮವಾಗಿ ಬೀಳುವಂತೆ ಮಾಡಿ. ಗೋಳವನ್ನು ಪಶ್ಚಿಮದಿಂದ ಪೂರ್ವಕ್ಕೆ ತಿರುಗಿಸಬೇಕು. ಉತ್ತರ ಧ್ರುವವನ್ನು ಮೇಲಿನಿಂದ ನೋಡುವವರಿಗೆ ಅದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುವಂತೆ ಕಾಣಬೇಕು. ಸಮಭಾಜಕ ವೃತ್ತದ ಮೇಲಿನ ಊರು ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ಸುತ್ತುತ್ತಿದೆ, 60 ಡಿಗ್ರಿಯ ಊರಿಗೆ ಅದರ ಅರ್ಧ ವೇಗ. ಧ್ರುವದಲ್ಲಿ ನಿಂತವರು ನಿಂತಲ್ಲೇ ಒಂದು ದಿನಕ್ಕೆ ಒಂದು ಸುತ್ತು ತಿರುಗುತ್ತಾರೆ, ಅಷ್ಟೇ. ನಮಗೆ ಈ ವೇಗ ಗೊತ್ತಾಗದಿರಲು ಕಾರಣ, ನೆಲ, ಗಾಳಿ, ನಾವು ಎಲ್ಲವೂ ಒಟ್ಟಿಗೆ, ಏರುಪೇರಿಲ್ಲದ ಒಂದೇ ವೇಗದಲ್ಲಿ ಸಾಗುತ್ತಿರುವುದು.

ಗೋಳಗಳನ್ನು 23.5 ಡಿಗ್ರಿ ಓರೆಯಾಗಿ ಕೂರಿಸಿರುತ್ತಾರೆ, ಇದು ಅಂದಕ್ಕಾಗಿ ಮಾಡಿದ್ದಲ್ಲ. ಉತ್ತರ ಧ್ರುವ ಟಾರ್ಚಿನ ಕಡೆ ಬಾಗಿರುವಂತೆ ಇಟ್ಟು ಗೋಳ ತಿರುಗಿಸಿ. ಎಷ್ಟು ಸುತ್ತಿದರೂ ಧ್ರುವದ ಸುತ್ತಲಿನ ಭಾಗ ಕತ್ತಲಿಗೆ ಹೋಗುವುದೇ ಇಲ್ಲ. 78 ಡಿಗ್ರಿ ಉತ್ತರದಲ್ಲಿರುವ ನಾರ್ವೆಯ ಲಾಂಗ್‌ಯೀರ್‌ಬೀನ್ ಊರಿನಲ್ಲಿ ಏಪ್ರಿಲ್ ಮೂರನೇ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಸೂರ್ಯ ಮುಳುಗುವುದಿಲ್ಲ. ಧ್ರುವದಲ್ಲೇ ನಿಂತರೆ ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ.

ಋತುಗಳನ್ನು ತೋರಿಸಲು ಟಾರ್ಚಿಗಿಂತ ಹೋಲ್ಡರಿನಲ್ಲಿರುವ ಬರಿ ಬಲ್ಬು ಮೇಲು, ಸುತ್ತಲೂ ಬೆಳಕು ಬೀಳುತ್ತದೆ. ಗೋಳವನ್ನು ಎತ್ತಿಕೊಂಡು ಬಲ್ಬಿನ ಸುತ್ತ ನಡೆಯಿರಿ. ಇಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ನಡೆಯುತ್ತಾ ನಡೆಯುತ್ತಾ ಗೋಳದ ಓರೆಯನ್ನೂ ಬಲ್ಬಿನ ಕಡೆಗೇ ತಿರುಗಿಸಿಬಿಡುತ್ತಾರೆ. ಹಾಗಾದರೆ ಉತ್ತರಕ್ಕೆ ವರ್ಷವಿಡೀ ಬೇಸಿಗೆ! ಗೋಳದ ಮೇಲ್ತುದಿ ಯಾವ ಗೋಡೆಯ ಕಡೆ ಬಾಗಿದೆಯೋ, ಪೂರ್ತಿ ಸುತ್ತು ಮುಗಿಯುವವರೆಗೆ ಅದೇ ಗೋಡೆಯ ಕಡೆಗೇ ಬಾಗಿರಬೇಕು. ಗೋಡೆಗೆ ಒಂದು ಕಾಗದ ಅಂಟಿಸಿ ಗುರಿ ಇಟ್ಟುಕೊಂಡರೆ ತಪ್ಪುವುದಿಲ್ಲ. ಆಗ ಅರ್ಧ ಸುತ್ತಿನಲ್ಲಿ ಉತ್ತರ ಗೋಳಾರ್ಧ ಬೆಳಕಿಗೆ ಬಾಗಿರುತ್ತದೆ, ಇನ್ನರ್ಧದಲ್ಲಿ ದಕ್ಷಿಣ. ಸೂರ್ಯನ ಹತ್ತಿರ ಹೋದಾಗ ಬೇಸಿಗೆ ಬರುತ್ತದೆ ಎಂಬ ಮಾತು ಸರಿಯಲ್ಲ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿಯ ಮೊದಲ ವಾರ, ಸುಮಾರು 14.7 ಕೋಟಿ ಕಿ.ಮೀ. ಅತಿ ದೂರ ಇರುವುದು ಜುಲೈ ಮೊದಲ ವಾರ, ಸುಮಾರು 15.2 ಕೋಟಿ ಕಿ.ಮೀ. ಆಗ ಉತ್ತರದಲ್ಲಿ ಬೇಸಿಗೆ!

ಧ್ರುವದ ಬಗ್ಗೆ ಒಂದು ಒಗಟು. ಒಬ್ಬರು 1 ಕಿ.ಮೀ. ದಕ್ಷಿಣಕ್ಕೆ, 1 ಕಿ.ಮೀ. ಪೂರ್ವಕ್ಕೆ, 1 ಕಿ.ಮೀ. ಉತ್ತರಕ್ಕೆ ನಡೆದು ಹೊರಟ ಜಾಗಕ್ಕೇ ಬಂದರು. ಎಲ್ಲಿಂದ ಹೊರಟಿದ್ದರು? ಉತ್ತರ ಧ್ರುವದಿಂದ, ಅಲ್ಲಿಂದ ಎಲ್ಲ ದಿಕ್ಕೂ ದಕ್ಷಿಣವೇ. ಆದರೆ ಇನ್ನೊಂದು ಉತ್ತರವೂ ಇದೆ. ದಕ್ಷಿಣ ಧ್ರುವದ ಸುತ್ತ ಸರಿಯಾಗಿ 1 ಕಿ.ಮೀ. ಸುತ್ತಳತೆಯ ವೃತ್ತ ಎಳೆಯಿರಿ, ಅದು ಧ್ರುವದಿಂದ ಸುಮಾರು 159 ಮೀಟರ್ ದೂರದಲ್ಲಿರುತ್ತದೆ. ಆ ವೃತ್ತದಿಂದ 1 ಕಿ.ಮೀ. ಉತ್ತರದಲ್ಲಿ ಎಲ್ಲಿ ನಿಂತು ಹೊರಟರೂ ಆಯಿತು. ದಕ್ಷಿಣಕ್ಕೆ ನಡೆದು ವೃತ್ತ ಮುಟ್ಟಿ, ಪೂರ್ವಕ್ಕೆ ಒಂದು ಪೂರ್ತಿ ಸುತ್ತು ಹಾಕಿ, ಬಂದ ಹೆಜ್ಜೆಯಲ್ಲೇ ಮರಳಬಹುದು.

ಮೂರು ದಿನಾಂಕಗಳ ಒಂದು ಗಂಟೆ

ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ. ಗಂಟೆಗೆ 15 ಡಿಗ್ರಿ, ಒಂದು ಡಿಗ್ರಿಗೆ 4 ನಿಮಿಷ. ಇಷ್ಟು ಲೆಕ್ಕ ಗೊತ್ತಿದ್ದರೆ ಯಾವ ಊರಿನಲ್ಲಿ ಸೂರ್ಯ ಎಲ್ಲಿದ್ದಾನೆ ಎಂದು ಹೇಳಬಹುದು, ಆದರೆ ಅಲ್ಲಿನ ಗಡಿಯಾರ ಎಷ್ಟು ತೋರಿಸುತ್ತಿದೆ ಎಂದು ಹೇಳಲಾಗದು. ಗಡಿಯಾರ ಸರ್ಕಾರದ ಮಾತು ಕೇಳುತ್ತದೆ. ಚೀನಾ ಸುಮಾರು 60 ಡಿಗ್ರಿ ಅಗಲವಿದ್ದರೂ ದೇಶಕ್ಕೆಲ್ಲ ಬೀಜಿಂಗ್ ಸಮಯವೇ. ಪಶ್ಚಿಮದ ಕಾಶ್ಗರ್ ನಗರದಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವ ಹೊತ್ತಿಗೆ ಆ ಗಡಿಯಾರದಲ್ಲಿ ಮಧ್ಯಾಹ್ನ 3 ಗಂಟೆಯಾಗಿರುತ್ತದೆ. ಚೀನಾದಿಂದ ಗಡಿ ದಾಟಿ ಅಫ್ಘಾನಿಸ್ತಾನಕ್ಕೆ ಕಾಲಿಟ್ಟರೆ ಒಂದೇ ಹೆಜ್ಜೆಗೆ ಗಡಿಯಾರ ಮೂರೂವರೆ ಗಂಟೆ ಹಿಂದಕ್ಕೆ.

ದಾಟಿದರೆ ದಿನಾಂಕವೇ ಬದಲಾಗುವ ದಿನಾಂಕ ರೇಖೆ ಏಕೆ ಬೇಕಾಯಿತು ಎಂದು ತಿಳಿಯಲು 1522ಕ್ಕೆ ಹೋಗಬೇಕು. ಮೆಗೆಲನ್ ನೇತೃತ್ವದಲ್ಲಿ 1519ರಲ್ಲಿ ಸ್ಪೇನಿನಿಂದ ಹೊರಟ ಐದು ಹಡಗುಗಳಲ್ಲಿ ಭೂಮಿಯನ್ನು ಸುತ್ತಿ ಮರಳಿದ್ದು 'ವಿಕ್ಟೋರಿಯಾ' ಒಂದೇ. ಮೆಗೆಲನ್ ದಾರಿಯಲ್ಲೇ ಹತರಾಗಿದ್ದರು, ಹಡಗು ನಡೆಸಿದವರು ಎಲ್ಕಾನೊ. 1522ರ ಜುಲೈನಲ್ಲಿ ಆಫ್ರಿಕಾದ ಬಳಿಯ ಕೇಪ್ ವರ್ಡ್ ದ್ವೀಪದಲ್ಲಿ ಇಳಿದಾಗ ಹಡಗಿನವರ ಲೆಕ್ಕದಲ್ಲಿ ಬುಧವಾರ, ದಡದವರ ಲೆಕ್ಕದಲ್ಲಿ ಗುರುವಾರ! ಒಂದು ದಿನವನ್ನೂ ಬಿಡದೆ ದಿನಚರಿ ಬರೆದಿದ್ದ ಪಿಗಾಫೆಟ್ಟಾ ಅವರಿಗೆ ಇದು ದೊಡ್ಡ ಗೊಂದಲವಾಯಿತು. ತಪ್ಪು ಯಾರದೂ ಅಲ್ಲ. ಹಡಗು ಪಶ್ಚಿಮಕ್ಕೆ, ಅಂದರೆ ಸೂರ್ಯ ಹೋಗುವ ಕಡೆಗೇ ಸಾಗುತ್ತಿತ್ತು. ಅವರ ಪ್ರತಿ ದಿನವೂ 24 ಗಂಟೆಗಿಂತ ಒಂದಿಷ್ಟು ಉದ್ದ. ಒಂದೊಂದು ದಿನದ ಆ ಚೂರುಗಳು ಸೇರಿ ಮೂರು ವರ್ಷದಲ್ಲಿ ಒಂದು ಪೂರ್ತಿ ದಿನವಾಯಿತು, ಅವರು ದಡದವರಿಗಿಂತ ಒಂದು ಸೂರ್ಯೋದಯ ಕಡಿಮೆ ನೋಡಿದ್ದರು.

ಈ ಒಂದು ದಿನವನ್ನು ಎಲ್ಲಾದರೂ ಸೇರಿಸಬೇಕು ಅಥವಾ ಕಳೆಯಬೇಕು. ಅದಕ್ಕಾಗಿಯೇ ಪೆಸಿಫಿಕ್ ಸಾಗರದ ನಡುವೆ, 180 ಡಿಗ್ರಿ ರೇಖಾಂಶದ ಆಸುಪಾಸಿನಲ್ಲಿ ದಿನಾಂಕ ರೇಖೆ ಇದೆ. ಬೇರಿಂಗ್ ಜಲಸಂಧಿಯಲ್ಲಿ ಡಯೊಮೀಡ್ ಎಂಬ ಎರಡು ದ್ವೀಪಗಳಿವೆ, ದೊಡ್ಡದು ರಷ್ಯಾದ್ದು, ಚಿಕ್ಕದು ಅಮೆರಿಕದ್ದು. ನಡುವೆ ನಾಲ್ಕು ಕಿ.ಮೀ.ಗೂ ಕಡಿಮೆ ನೀರು. ದಿನಾಂಕ ರೇಖೆ ಆ ನೀರಿನಲ್ಲೇ ಹಾದುಹೋಗುವುದರಿಂದ ಚಳಿಗಾಲದಲ್ಲಿ ಎರಡೂ ದ್ವೀಪಗಳ ಗಡಿಯಾರಕ್ಕೆ 21 ಗಂಟೆ ವ್ಯತ್ಯಾಸ. ಚಿಕ್ಕ ದ್ವೀಪದ ಜನ ಕಣ್ಣೆತ್ತಿದರೆ ಕಾಣುವುದು ನಾಳೆಯ ನೆಲ.

ರೇಖೆ ನೇರವಾಗಿಯೂ ಇಲ್ಲ, ಒಂದೇ ಕಡೆ ನಿಂತೂ ಇಲ್ಲ. ಕಿರಿಬಾಟಿ ಎಂದು ಬರೆದು ಕಿರಿಬಾಸ್ ಎಂದು ಓದುವ ದ್ವೀಪರಾಷ್ಟ್ರದ ಅರ್ಧ ಭಾಗದಲ್ಲಿ ಸೋಮವಾರ, ಇನ್ನರ್ಧದಲ್ಲಿ ಭಾನುವಾರ ಇರುತ್ತಿತ್ತು. 1995ರ ಆರಂಭದಿಂದ ಆ ದೇಶ ತನ್ನ ಪೂರ್ವದ ದ್ವೀಪಗಳನ್ನೂ ಒಂದೇ ದಿನಾಂಕಕ್ಕೆ ತಂದುಕೊಂಡಿತು. ಸಮೋವಾದ ಜನ 2011ರ ಡಿಸೆಂಬರ್ 29ರ ಗುರುವಾರ ರಾತ್ರಿ ಮಲಗಿ, ಎದ್ದದ್ದು ಡಿಸೆಂಬರ್ 31ರ ಶನಿವಾರ. ಶುಕ್ರವಾರ ಬರಲೇ ಇಲ್ಲ. ಅದೇ ಸಮೋವಾ 1892ರಲ್ಲಿ ರೇಖೆಯ ಇನ್ನೊಂದು ಬದಿಗೆ ಹೋದಾಗ ಜುಲೈ 4 ಎರಡು ಸಲ ಬಂದಿತ್ತು.

ಇದರಿಂದ ಹುಟ್ಟಿದ, ಇಡೀ ಲೇಖನದಲ್ಲಿ ನನಗೆ ಅತಿ ಇಷ್ಟವಾದ ಸಂಗತಿ ಇದು: ಗ್ರೀನಿಚ್ ಸಮಯ ಬೆಳಿಗ್ಗೆ 10ರಿಂದ 11ರವರೆಗೆ, ದಿನವೂ ಒಂದು ಗಂಟೆ ಕಾಲ, ಭೂಮಿಯ ಮೇಲಿನ ಜನ ಮೂರು ಬೇರೆ ಬೇರೆ ದಿನಾಂಕಗಳಲ್ಲಿ ಬದುಕುತ್ತಾರೆ. ಗ್ರೀನಿಚ್‌ನಲ್ಲಿ ಮಂಗಳವಾರ ಬೆಳಿಗ್ಗೆ 10:30 ಎಂದುಕೊಳ್ಳಿ. ಕಿರಿಬಾಟಿಯ ಪೂರ್ವ ದ್ವೀಪಗಳು 14 ಗಂಟೆ ಮುಂದೆ, ಅಲ್ಲಿ ಬುಧವಾರ ಶುರುವಾಗಿ ಅರ್ಧ ಗಂಟೆಯಾಗಿದೆ. ಸಮೋವಾದ ನೆರೆಯ ಬೇರೊಂದು ದ್ವೀಪಸಮೂಹವಾದ ಅಮೆರಿಕನ್ ಸಮೋವಾ 11 ಗಂಟೆ ಹಿಂದೆ, ಅಲ್ಲಿ ಸೋಮವಾರ ರಾತ್ರಿ 11:30. ನಿಮ್ಮ ಊರಿನ ಸಮಯಕ್ಕೆ ಆ ಗಂಟೆ ಯಾವಾಗ ಬರುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ.

ಹಿಮದ ಮರುಭೂಮಿ, ಮರಳಿಲ್ಲದ ಮರುಭೂಮಿ

ಮರುಭೂಮಿ ಎಂದು ಕರೆಯಲು ಮರಳು ಬೇಕಿಲ್ಲ, ಸೆಕೆಯೂ ಬೇಕಿಲ್ಲ. ವರ್ಷಕ್ಕೆ ಬೀಳುವ ಮಳೆ ಅಥವಾ ಹಿಮ 250 ಮಿ.ಮೀ. ನೀರಿಗಿಂತ ಕಡಿಮೆ ಇರಬೇಕು ಎಂಬುದು ಸಾಮಾನ್ಯ ಲೆಕ್ಕ. ಹಾಗೆ ನೋಡಿದರೆ ಜಗತ್ತಿನ ಅತಿ ದೊಡ್ಡ ಮರುಭೂಮಿ ಸಹಾರಾ ಅಲ್ಲ, ಸುಮಾರು 1.4 ಕೋಟಿ ಚದರ ಕಿ.ಮೀ. ಇರುವ ಅಂಟಾರ್ಕ್ಟಿಕಾ. ತಣ್ಣನೆಯ ಗಾಳಿಗೆ ನೀರಿನಾವಿ ಹಿಡಿದಿಡುವ ಶಕ್ತಿ ಬಹಳ ಕಡಿಮೆ. ಅಲ್ಲಿನ ರಷ್ಯನ್ ನೆಲೆಯಾದ ವೊಸ್ಟೊಕ್‌ನಲ್ಲಿ 1983ರ ಜುಲೈ 21ರಂದು ಸೊನ್ನೆಗಿಂತ 89.2 ಡಿಗ್ರಿ ಸೆಲ್ಸಿಯಸ್ ಕೆಳಗೆ ದಾಖಲಾಗಿತ್ತು. ಅಂಥ ಗಾಳಿಯಿಂದ ಏನು ಉದುರೀತು? ಆದರೂ ಸರಾಸರಿ 2 ಕಿ.ಮೀ. ದಪ್ಪದ ಹಿಮ ಕೂತಿರುವುದು ಹೇಗೆಂದರೆ, ಬಿದ್ದ ಚೂರು ಹಿಮ ಕರಗದೆ ಲಕ್ಷಾಂತರ ವರ್ಷ ಪದರ ಪದರವಾಗಿ ಒತ್ತಿಕೊಂಡು ಉಳಿದದ್ದರಿಂದ.

ಸಹಾರಾದ ಬಹುಪಾಲು ಬಂಡೆ ಮತ್ತು ಜಲ್ಲಿ, ಚಿತ್ರಗಳಲ್ಲಿ ಕಾಣುವ ಮರಳದಿಬ್ಬಗಳು ಸುಮಾರು ಕಾಲು ಭಾಗ ಮಾತ್ರ. ಅಲ್ಲಿನ ಚಾಡ್ ದೇಶದ ಬೊಡೆಲೆ ತಗ್ಗು ಹಿಂದೊಮ್ಮೆ ದೊಡ್ಡ ಸರೋವರದ ತಳವಾಗಿತ್ತು. ಗಾಳಿ ಆ ಒಣ ತಳದ ಧೂಳನ್ನು ಎತ್ತಿ ಅಟ್ಲಾಂಟಿಕ್ ದಾಟಿಸಿ ಅಮೆಜಾನ್ ಕಾಡಿನವರೆಗೆ ಒಯ್ಯುತ್ತದೆ. ಧೂಳಿನಲ್ಲಿರುವ ರಂಜಕ ಮಳೆಗೆ ತೊಳೆದುಹೋಗುವ ಕಾಡಿನ ಮಣ್ಣಿಗೆ ಗೊಬ್ಬರ.

ಉಗುರು ಬೆಳೆಯುವ ವೇಗ

ಬಟರ್ ಪೇಪರನ್ನು ಮತ್ತೆ ತೆಗೆಯಿರಿ. ದಕ್ಷಿಣ ಅಮೆರಿಕದ ಅಂಚನ್ನು ಬರೆದುಕೊಂಡು ಆಫ್ರಿಕಾದ ಪಶ್ಚಿಮ ಅಂಚಿಗೆ ಜೋಡಿಸಿ ನೋಡಿ. ಬ್ರೆಜಿಲಿನ ಉಬ್ಬು ಗಿನಿ ಕೊಲ್ಲಿಯ ಒಳಗೆ ಕೂರುತ್ತದೆ. ಅಲ್ಲಲ್ಲಿ ಸಂದು ಉಳಿದರೆ ಬೇಸರ ಬೇಡ, ಇವೆರಡು ನಿಜವಾಗಿ ಕೂಡುವುದು ದಡದಲ್ಲಲ್ಲ, ನೀರಿನೊಳಗೆ ಭೂಖಂಡದ ಕಟ್ಟೆ ಮುಗಿಯುವ ಅಂಚಿನಲ್ಲಿ. ಭೂಖಂಡಗಳು ಒಂದಾಗಿದ್ದವು ಎಂದು ಜರ್ಮನ್ ವಿಜ್ಞಾನಿ ಆಲ್ಫ್ರೆಡ್ ವೆಗನರ್ 1912ರಲ್ಲಿ ಹೇಳಿದಾಗ ಹೆಚ್ಚಿನ ವಿಜ್ಞಾನಿಗಳು ಒಪ್ಪಲಿಲ್ಲ. ಸಾಗರದ ತಳದ ಅಳತೆಗಳು ಸಿಕ್ಕ ಮೇಲೆ, 1960ರ ದಶಕದಲ್ಲಿ ಒಪ್ಪಿದರು.

ಅಟ್ಲಾಂಟಿಕ್ ಈಗಲೂ ವರ್ಷಕ್ಕೆ ಸುಮಾರು 2.5 ಸೆಂ.ಮೀ. ಅಗಲವಾಗುತ್ತಿದೆ, ಕೈ ಬೆರಳಿನ ಉಗುರು ಬೆಳೆಯುವ ವೇಗಕ್ಕೆ ಹತ್ತಿರ. ಕೊಲಂಬಸ್ 1492ರಲ್ಲಿ ದಾಟಿದ ಸಾಗರಕ್ಕಿಂತ ಇಂದಿನದು ಸುಮಾರು 13 ಮೀಟರ್ ಅಗಲ. ಇನ್ನೊಂದು ಕಡೆ ನೆಲಕ್ಕೆ ನೆಲ ಒತ್ತಿ ಮೇಲೆದ್ದದ್ದು ಹಿಮಾಲಯ. ಎವರೆಸ್ಟಿನ ತುತ್ತತುದಿಯ ಸುಣ್ಣಕಲ್ಲಿನಲ್ಲಿ ಸಮುದ್ರಜೀವಿಗಳ ಪಳೆಯುಳಿಕೆಗಳಿವೆ. ಜಗತ್ತಿನ ಅತಿ ಎತ್ತರದ ಕಲ್ಲು ಒಂದು ಕಾಲದ ಕಡಲ ತಳ!

ಒಂಬತ್ತು ಮೀಟರ್ ದೂರದ ಚಂದ್ರ

ಕೊನೆಗೆ ಗೋಳವನ್ನು ಮೇಜಿನ ಮೇಲಿಟ್ಟು 425ರ ಚೀಟಿ ತೆಗೆಯಿರಿ. ಮೋಡ, ಮಳೆ, ಬಿರುಗಾಳಿ ಎಲ್ಲ ನಡೆಯುವ ಗಾಳಿಯ ಪದರ ಸುಮಾರು 12 ಕಿ.ಮೀ., ಗೋಳದ ಮೇಲೆ 0.3 ಮಿ.ಮೀ. ಸುಮಾರು 400 ಕಿ.ಮೀ. ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಗೋಳದಿಂದ ಒಂದು ಸೆಂ.ಮೀ. ಕೂಡ ದೂರವಿಲ್ಲ. ಚಂದ್ರನನ್ನು ಎಲ್ಲಿಡಬೇಕು ಎಂದು ಮಕ್ಕಳನ್ನು ಕೇಳಿದರೆ ಹೆಚ್ಚಿನವರು ಒಂದೆರಡು ಅಡಿ ದೂರ ತೋರಿಸುತ್ತಾರೆ. ಚಂದ್ರನ ಸರಾಸರಿ ದೂರ 3,84,400 ಕಿ.ಮೀ. ಭಾಗಿಸಿದರೆ 904 ಸೆಂ.ಮೀ. ಅಂದರೆ 8 ಸೆಂ.ಮೀ. ವ್ಯಾಸದ ಒಂದು ಚೆಂಡು ಹಿಡಿದು, ಗೋಳದಿಂದ 9 ಮೀಟರ್ ಆಚೆ ಹೋಗಿ ನಿಲ್ಲಬೇಕು. ಹೆಚ್ಚಿನ ಕೋಣೆಗಳಲ್ಲಿ ಇಷ್ಟು ಜಾಗ ಸಿಗುವುದಿಲ್ಲ, ಬಾಗಿಲು ತೆರೆದು ಹೊರಗೆ ಹೋಗಬೇಕಾಗುತ್ತದೆ.

ಅಲ್ಲಿ ನಿಂತೇ ಚೀನಾದ ಮಹಾಗೋಡೆ ಚಂದ್ರನಿಂದ ಕಾಣುತ್ತದೆಯೇ ಎಂಬ ಪ್ರಶ್ನೆ ಬಿಡಿಸಬಹುದು. ಗೋಡೆಯ ಅಗಲ 6 ಮೀಟರ್ ಎಂದಿಟ್ಟುಕೊಂಡರೆ ಈ ಗೋಳದ ಮೇಲೆ ಅದರ ಗೆರೆ 0.00014 ಮಿ.ಮೀ. ದಪ್ಪವಿರುತ್ತದೆ, ತಲೆಗೂದಲಿನ ನೂರಾರು ಭಾಗಗಳಲ್ಲಿ ಒಂದು ಭಾಗ. 2003ರಲ್ಲಿ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೆ ಭೂಮಿಯ ಹತ್ತಿರದ ಕಕ್ಷೆಯಿಂದಲೇ ನೋಡಿ, ಗೋಡೆ ತಮಗೆ ಕಾಣಲಿಲ್ಲ ಎಂದರು. ಅವರು ಇದ್ದದ್ದು ನಮ್ಮ ಗೋಳದಿಂದ ಒಂದು ಸೆಂಟಿಮೀಟರಿನ ಒಳಗೆ.